ಅಕ್ಕನ ಮನೆಯ ಹಾದಿ

ಇದನ್ನು ಬರೆಯುವ ಮೊದಲು ಅಕ್ಕನ ಅಪ್ಪಣೆ ಕೇಳಿದೆ. "ಬರೆ, ನಾಲ್ಕು ಮಂದಿಗೆ ತಿಳಿಯಲಿ. ಆದರೆ ನನ್ನ ಹೆಸರು ಬೇಡ, ಊರಿನ ಹೆಸರೂ ಬೇಡ" ಎಂದಳು. ಆಕೆಗೆ ಈಗ 78 ವರ್ಷ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ, ಭಾವನವರು ಕಟ್ಟಿಸಿದ ಮನೆಯಲ್ಲಿ, ಒಬ್ಬಳೇ ಇದ್ದಾಳೆ. ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ನಾನು ಹುಬ್ಬಳ್ಳಿಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು.

ಒಂದು ಕಾಲಕ್ಕೆ ಆ ಮನೆಗೆ ಹೋದವರು ಉಣ್ಣದೆ ಹಿಂದಿರುಗಿದ್ದಿಲ್ಲ. ಭಾವನವರು ಪ್ರಾಥಮಿಕ ಶಾಲೆಯ ಮಾಸ್ತರರು. ಸಂಬಳ ಸಣ್ಣದು, ಮನಸ್ಸು ದೊಡ್ಡದು. ಜಂಗಮರು, ಬಂಧುಗಳು, ಪರೀಕ್ಷೆಗೆಂದು ಬಂದ ಹಳ್ಳಿಯ ಹುಡುಗರು, ಎಲ್ಲರಿಗೂ ಪಡಸಾಲೆಯಲ್ಲಿ ಪಂಕ್ತಿ ಹಾಕಿ ಅಕ್ಕ ಬಡಿಸುತ್ತಿದ್ದಳು. 2003ರಲ್ಲಿ ಭಾವನವರು ಲಿಂಗೈಕ್ಯರಾದರು. ಅದಾದ ಮೇಲೆ ಬಂದವರನ್ನು ಅಕ್ಕ ಹೊರಗಿನ ಕಟ್ಟೆಯ ಮೇಲೆಯೇ ಕೂಡ್ರಿಸತೊಡಗಿದಳು. ಬಾಗಿಲನ್ನು ಅರ್ಧ ಮುಂದಕ್ಕೆಳೆದುಕೊಂಡು ಹೊರಗೆ ಬಂದು, ಸೆರಗಿನಿಂದ ಕಟ್ಟೆ ಒರೆಸಿ, ತಾನೂ ಕೂಡ್ರುವಳು. ಚಹಾ ಬೇಕೆಂದರೆ ಎದುರಿನ ಹೋಟೆಲಿನಿಂದ ತರಿಸುವಳು. ಗಂಡನನ್ನು ಕಳೆದುಕೊಂಡ ದುಃಖ, ಒಳಗೆ ಬಂದರೆ ನೆನಪಾಗುತ್ತದೆ ಎಂದು ನಾವು ತಿಳಿದುಕೊಂಡೆವು. ಐದು ವರ್ಷ ಹೀಗೆ ತಿಳಿದುಕೊಂಡೇ ಇದ್ದೆವು ಎಂಬುದನ್ನು ಇಂದು ನೆನೆದರೆ ನಾಚಿಕೆಯಾಗುತ್ತದೆ.

2008ರ ದೀಪಾವಳಿಗೆ ಹೋದಾಗ ಜೋರು ಮಳೆ. ಕಟ್ಟೆಯ ಮೇಲೆ ಕೂಡ್ರುವಂತಿರಲಿಲ್ಲ. ನಾನು ಆಕೆಯನ್ನು ಸರಿಸಿಕೊಂಡೇ ಒಳಗೆ ನಡೆದೆ. ನಡೆದೆನೆನ್ನುವುದೂ ಸರಿಯಲ್ಲ, ಅಡ್ಡ ತಿರುಗಿ ನುಸುಳಿದೆ. ಪಡಸಾಲೆಯಲ್ಲಿ ಎದೆಯೆತ್ತರ ದಿನಪತ್ರಿಕೆಗಳು. ಅವುಗಳ ಮೇಲೆ ಸೀರೆಯ ಖಾಲಿ ಪೆಟ್ಟಿಗೆಗಳು, ತೊಳೆದು ಒಣಗಿಸಿ ಕಟ್ಟಿದ ಹಾಲಿನ ಪಾಕೀಟುಗಳು, ಔಷಧಿಯ ಬಾಟಲಿಗಳು, ಹಳೆಯ ಪಂಚಾಂಗಗಳು, ಯಾರುಯಾರದೋ ಲಗ್ನಪತ್ರಿಕೆಗಳು, ಮುರಿದ ಕೊಡೆಗಳು, ಬಿಚ್ಚಿಯೇ ನೋಡದ ಹೊಸ ಸ್ಟೀಲಿನ ಡಬ್ಬಿಗಳು. ನಡುವೆ ಒಂದು ಮೊಳ ಅಗಲದ ಹಾದಿ. ಒಂದು ಕೋಣೆಯ ಬಾಗಿಲು ತೆರೆಯಲೇ ಬರುತ್ತಿರಲಿಲ್ಲ. ಮಂಚದ ಮುಕ್ಕಾಲು ಭಾಗ ಸಾಮಾನು, ಉಳಿದ ಕಾಲುಭಾಗದಲ್ಲಿ ಅಕ್ಕನ ನಿದ್ರೆ. ಗ್ಯಾಸಿನ ಒಲೆಯ ಪಕ್ಕದಲ್ಲಿಯೇ ಕಾಗದದ ಚೀಲಗಳ ರಾಶಿ. ದೇವರ ಮನೆಯಲ್ಲಿ ಮಾತ್ರ ಎರಡು ಅಡಿ ಜಾಗ ಚೊಕ್ಕಟವಾಗಿತ್ತು. ಅಲ್ಲಿ ಮೊಳಕಾಲು ಮಡಿಸಿ ಕುಳಿತು ಆಕೆ ನಿತ್ಯ ಲಿಂಗಪೂಜೆ ಮಾಡುತ್ತಿದ್ದಳು.

ನಾನು ಏನೂ ಮಾತನಾಡಲಿಲ್ಲ. ಅಕ್ಕನೇ ಹೇಳಿದಳು: "ತೆಗೆಯಬೇಕು. ಎಲ್ಲ ತೆಗೆಯಬೇಕೆಂದೇ ಇದ್ದೇನೆ."

ಬಂಧುಬಳಗದಲ್ಲಿ ಸುದ್ದಿ ಹಬ್ಬಲು ತಡವಾಗಲಿಲ್ಲ. ಜಿಪುಣಿ ಎಂದರು, ಆಶೆಬುರುಕಿ ಎಂದರು. ಹಿರಿಯರೊಬ್ಬರು ಮರುಗಿ, "1972ರ ಬರ ಕಂಡ ಜೀವ, ಹಾಗೆಯೇ ಕೂಡಿಡುತ್ತಾರೆ" ಎಂದರು. ಜಿಪುಣತನದ ಮಾತು ನನಗೆ ಆಗಲೇ ಒಪ್ಪಿಗೆಯಾಗಲಿಲ್ಲ. ಮಗ್ಗುಲ ಮನೆಯ ಹುಡುಗಿಯ ಕಾಲೇಜು ಶುಲ್ಕವನ್ನು ಮೂರು ವರ್ಷ ಕಟ್ಟಿದವಳು ಇದೇ ಅಕ್ಕ. ನೂರು ರೂಪಾಯಿ ಕೇಳಿದರೆ ಇನ್ನೂರು ಕೊಡುವಳು. ಹರಿದ ಚೀಲ ಕೇಳಿದರೆ ಮುಖ ಬಾಡುವುದು. ಇದೆಂಥ ಆಶೆ?

ಆದರೂ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. 2009ರಲ್ಲಿ ನಮ್ಮ ಅಣ್ಣನವರು ಅಕ್ಕನನ್ನು ಶ್ರೀಶೈಲಕ್ಕೆ ಕರೆದುಕೊಂಡು ಹೋದರು. ಐದು ದಿನಗಳ ಪ್ರವಾಸ. ಆ ಐದು ದಿನ ನಾನು, ನನ್ನ ಮಗ ಮತ್ತು ಕೂಲಿಯ ನಾಲ್ವರು ಸೇರಿ ಎರಡು ಟ್ರ್ಯಾಕ್ಟರ್ ತುಂಬ ಸಾಮಾನು ಹೊರಗೆ ಹಾಕಿದೆವು. ನೆಲ ತೊಳೆದೆವು, ಸುಣ್ಣ ಹೊಡೆಸಿದೆವು, ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ಆಕೆ ಬಂದು ನೋಡಿ ಸಂತೋಷಪಡುವಳೆಂದು ನಾನು ಹೋಳಿಗೆ ಮಾಡಿ ಕಾದಿದ್ದೆ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ.

ಅಕ್ಕ ಹೊಸ್ತಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಹಾಗೆಯೇ ಕುಸಿದು ಕಟ್ಟೆಯ ಮೇಲೆ ಕುಳಿತಳು. ಅಳಲಿಲ್ಲ, ಬೈಯಲಿಲ್ಲ. ಅಂದು ರಾತ್ರಿ ಊಟವನ್ನೂ ಮಾಡಲಿಲ್ಲ. ಬೆಳಗಿನ ಜಾವ ನನ್ನ ಹತ್ತಿರ ಬಂದು, "ಏನೇನು ಹೋಯಿತೆಂದು ನನಗೆ ನೆನಪಿಲ್ಲ, ತಂಗಿ. ಅದೇ ಸಂಕಟ" ಎಂದಳು. ನಾವು ಬೆಲೆಬಾಳುವ ಒಂದು ವಸ್ತುವನ್ನೂ ಎಸೆದಿರಲಿಲ್ಲ. ಬಂಗಾರ, ದಾಖಲೆಪತ್ರ, ಭಾವನವರ ಭಾವಚಿತ್ರ ಎಲ್ಲವನ್ನೂ ಜೋಪಾನವಾಗಿ ತೆಗೆದಿಟ್ಟಿದ್ದೆವು. ಆ ಮಾತು ಆಕೆಗೆ ಸಮಾಧಾನ ಕೊಡಲಿಲ್ಲ. ಒಂದು ವರ್ಷದೊಳಗೆ ಮನೆ ಮತ್ತೆ ತುಂಬಿತು, ಮೊದಲಿಗಿಂತ ಬೇಗ. ವ್ಯತ್ಯಾಸವೆಂದರೆ, ಈಗ ನನಗೂ ಬಾಗಿಲು ತೆರೆಯುತ್ತಿರಲಿಲ್ಲ. ಸುಮಾರು ಎರಡು ವರ್ಷ ಅಕ್ಕ ತಂಗಿಯರು ಫೋನಿನಲ್ಲಿ ಕುಶಲ ಕೇಳುವುದಷ್ಟೇ ಉಳಿಯಿತು.

ಒಂದು ಶ್ರಾವಣದಲ್ಲಿ ಮಠದ ಪ್ರವಚನ ಕೇಳಿ ಬಂದ ಅಣ್ಣನವರು ಆಕೆಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಕಥೆ ಓದುಗರಿಗೆ ತಿಳಿದದ್ದೇ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಕಳುಹಿಸಿದಳು. ಅಣ್ಣನವರ ಉದ್ದೇಶ ಒಳ್ಳೆಯದೇ. ಅಕ್ಕ ಸುಮ್ಮನೆ ಕೇಳಿ, ಕೊನೆಗೆ ಅಂದಳು: "ಆ ಕಥೆಯನ್ನು ನಿನಗೆ ಚಿಕ್ಕಂದಿನಲ್ಲಿ ಹೇಳಿದವಳು ನಾನೇ. ಲಕ್ಕಮ್ಮನಿಗೆ ಸಾಕು ಎಂಬುದು ಕಂಡ ಕೂಡಲೇ ತಿಳಿಯುತ್ತಿತ್ತು. ನನಗೆ ಅದು ತಿಳಿಯುವುದಿಲ್ಲ. ಒಂದು ಚೀಲ ಕೈಯಲ್ಲಿ ಹಿಡಿದು ನಿಂತರೆ ಸಂಜೆಯಾಗುತ್ತದೆ."

ಅಣ್ಣನವರು ಈ ಮಾತನ್ನು ನನಗೆ ದೂರಿನಂತೆ ತಿಳಿಸಿದರು. ನನಗೆ ಅದು ಬೇರೆ ರೀತಿ ಕೇಳಿಸಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಲೆಕ್ಕ ಮಾಡಲು ಒಲ್ಲದ ಹುಡುಗನಿಗೂ ಲೆಕ್ಕ ಬಾರದ ಹುಡುಗನಿಗೂ ಇರುವ ಅಂತರ ನನಗೆ ತಿಳಿಯಬೇಕಾಗಿತ್ತು.

2014ರಲ್ಲಿ ಧಾರವಾಡದ ಮನೋವೈದ್ಯರೊಬ್ಬರನ್ನು ಮೊದಲು ನಾನೊಬ್ಬಳೇ ಹೋಗಿ ಕಂಡೆ. ಅವರು ನನ್ನ ಮಾತನ್ನೆಲ್ಲ ಕೇಳಿ, ಇದಕ್ಕೆ ಹೋರ್ಡಿಂಗ್ ಡಿಸಾರ್ಡರ್ ಎಂದು ಹೆಸರಿದೆ ಎಂದರು. ನಮ್ಮ ಮಾತಿನಲ್ಲಿ ಕೂಡಿಡುವ ಕಾಯಿಲೆ ಎನ್ನಬಹುದು. ಬಹುಕಾಲ ಇದನ್ನು ಗೀಳುರೋಗದ ಒಂದು ಲಕ್ಷಣವೆಂದೇ ಎಣಿಸಿದ್ದರಂತೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿಯೂ ಅದು ಸೇರಿದೆ. ಪಾಶ್ಚಾತ್ಯ ದೇಶಗಳ ಸಮೀಕ್ಷೆಗಳು ನೂರು ಜನರಲ್ಲಿ ಎರಡರಿಂದ ಆರು ಜನರಿಗೆ ಇದು ಇರಬಹುದೆಂದು ಹೇಳುತ್ತವೆ. ಹಾಗಿದ್ದರೆ ನಮ್ಮ ಓಣಿಯಲ್ಲಿಯೂ ಅಕ್ಕನೊಬ್ಬಳೇ ಇರಲಾರಳು. ಬಾಗಿಲು ಮುಂದಕ್ಕೆಳೆದುಕೊಂಡವರು ಬೇರೆಯವರೂ ಇರಬೇಕು.

ವೈದ್ಯರು ಹೇಳಿದ ಒಂದು ಸಂಗತಿ ನನ್ನ ಕಣ್ಣು ತೆರೆಸಿತು. ಈ ಕಾಯಿಲೆ ಮುಪ್ಪಿನಲ್ಲಿ ಹುಟ್ಟುವುದು ಅಪರೂಪ; ಬಹುಮಟ್ಟಿಗೆ ಹನ್ನೊಂದರಿಂದ ಹದಿನೈದರ ಪ್ರಾಯದಲ್ಲಿ ಮೊಳೆತು, ದಶಕದಿಂದ ದಶಕಕ್ಕೆ ಬೆಳೆಯುತ್ತ ಹೋಗಿ, ವೃದ್ಧಾಪ್ಯದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಆಗ ನನಗೆ ನೆನಪಾಯಿತು. ಶಾಲೆಗೆ ಹೋಗುವಾಗ ಅಕ್ಕನ ಟ್ರಂಕಿನಲ್ಲಿ ಸವೆದ ಬಳಪಗಳು, ದಾರದ ತುಣುಕುಗಳು, ಮುಗಿದ ಪಾಟಿಪುಸ್ತಕಗಳು ಇರುತ್ತಿದ್ದವು. ಅವ್ವ ವರ್ಷಕ್ಕೊಮ್ಮೆ ಅದನ್ನು ಬರಿದು ಮಾಡುತ್ತಿದ್ದಳು. ಲಗ್ನವಾದ ಮೇಲೆ ಆ ಕೆಲಸವನ್ನು ಭಾವನವರು ಮೆಲ್ಲಗೆ, ನಗುನಗುತ್ತ ಮಾಡುತ್ತ ಬಂದರು. ಅವರು ಹೋದರು. ತಡೆಯುವ ಕಟ್ಟೆಯೇ ಒಡೆಯಿತು. ಪ್ರೀತಿಪಾತ್ರರ ಸಾವಿನಂತಹ ಆಘಾತದ ನಂತರ ಇದು ಉಲ್ಬಣಿಸುವುದುಂಟೆಂದು ವೈದ್ಯರು ಹೇಳಿದರು. ಬಡತನ, ಬರಗಾಲಗಳೇ ಇದಕ್ಕೆ ಕಾರಣವೆಂಬ ನಂಬಿಕೆಗೆ ಮಾತ್ರ ಸಂಶೋಧನೆಗಳಲ್ಲಿ ಅಂಥ ಬಲವಾದ ಆಧಾರ ಸಿಕ್ಕಿಲ್ಲವಂತೆ. ಒಂದೇ ಮನೆತನದಲ್ಲಿ ಹಲವರಿಗೆ ಇರುವುದುಂಟು. ಈ ಮಾತು ಕೇಳಿ ಬಂದ ದಿನವೇ ನನ್ನ ಅಟ್ಟವನ್ನೂ ಒಮ್ಮೆ ಹತ್ತಿ ನೋಡಿದೆ!

ಅಟ್ಟದ ತುಂಬ ಹಳೆಯ ಹಂಡೆ ಚರಿಗೆ ಇಟ್ಟುಕೊಂಡ ಮನೆಗಳೆಲ್ಲ ಕಾಯಿಲೆಯ ಮನೆಗಳಲ್ಲ. ಹಾಗಾದರೆ ಉತ್ತರ ಕರ್ನಾಟಕದಲ್ಲಿ ಆರೋಗ್ಯವಂತರೇ ಉಳಿಯಲಿಕ್ಕಿಲ್ಲ. ಮಂಚದ ಮೇಲೆ ಮಲಗಲು, ಒಲೆಯ ಮೇಲೆ ಅಡಿಗೆ ಮಾಡಲು, ಬಚ್ಚಲಿಗೆ ನಡೆದು ಹೋಗಲು ಬರದಷ್ಟು ಸಾಮಾನು ಸೇರಿದಾಗ, ತೆಗೆಯಬೇಕೆಂದರೆ ಜೀವ ಹಿಂಡಿದಂತಾದಾಗ ಅದು ಕಾಯಿಲೆ. ವೈದ್ಯರಲ್ಲಿ ಇದನ್ನು ಅಳೆಯುವ ಚಿತ್ರಗಳಿವೆ. ಅಡಿಗೆಮನೆ, ಮಲಗುವ ಕೋಣೆ, ಪಡಸಾಲೆ, ಒಂದೊಂದಕ್ಕೂ ಒಂಬತ್ತು ಚಿತ್ರಗಳು. ಮೊದಲನೆಯದು ಚೊಕ್ಕ ಕೋಣೆ, ಒಂಬತ್ತನೆಯದರಲ್ಲಿ ಕೋಣೆಯೇ ಕಾಣುವುದಿಲ್ಲ. "ನಿಮ್ಮ ಅಕ್ಕನ ಪಡಸಾಲೆ ಯಾವುದು?" ಎಂದು ಕೇಳಿದರು. ನಾನು ಏಳನೆಯದರ ಮೇಲೆ ಬೆರಳಿಟ್ಟೆ.

ಚೀಲ ಹಿಡಿದು ನಿಂತರೆ ಸಂಜೆಯಾಗುತ್ತದೆ ಎಂಬ ಮಾತಿಗೂ ಅಲ್ಲಿ ಅರ್ಥ ಸಿಕ್ಕಿತು. 2012ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯವರ ಮಿದುಳಿನ ಚಿತ್ರ ತೆಗೆದು ಒಂದು ಅಧ್ಯಯನ ನಡೆಸಿದ್ದರು. ಅವರ ಕಾಗದಪತ್ರಗಳನ್ನೂ ಬೇರೆಯವರ ಕಾಗದಪತ್ರಗಳನ್ನೂ ಒಂದೊಂದಾಗಿ ತೋರಿಸಿ, ಇಡಬೇಕೋ ಹರಿಯಬೇಕೋ ಎಂದು ಕೇಳಿದರು. ಬೇರೆಯವರ ಕಾಗದದ ಮಾತು ಬಂದಾಗ ಮಿದುಳಿನ ಕೆಲವು ಭಾಗಗಳು ಸಾಮಾನ್ಯಕ್ಕಿಂತ ಮಂಕಾಗಿದ್ದವು. ತಮ್ಮ ಕಾಗದ ಬಂದ ಕೂಡಲೇ ಅವೇ ಭಾಗಗಳು ಅತಿಯಾಗಿ ಕೆರಳಿದವು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತೂಗುವ ಕೆಲಸದಲ್ಲಿ ತೊಡಗುವ ಭಾಗಗಳವು. ಎಲ್ಲವೂ ಮುಖ್ಯವೆಂದು ಮಿದುಳೇ ಕೂಗುತ್ತಿದ್ದರೆ ಉಪದೇಶ ಯಾವ ಕಿವಿಗೆ ಬೀಳಬೇಕು?

ಆ ವೈದ್ಯರೇ ನನಗೆ ನ್ಯೂಯಾರ್ಕಿನ ಕಾಲಿಯರ್ ಸಹೋದರರ ಕಥೆ ಹೇಳಿದರು. ಹೋಮರ್ ಮತ್ತು ಲ್ಯಾಂಗ್ಲಿ ಎಂಬ ಅಣ್ಣತಮ್ಮಂದಿರು ಹಾರ್ಲೆಮ್ ಎಂಬ ಭಾಗದಲ್ಲಿ ತಮ್ಮ ದೊಡ್ಡ ಮನೆಯೊಳಗೆ ಹೊರಗಿನವರ ಸಂಪರ್ಕವಿಲ್ಲದೆ ಬದುಕಿದ್ದರು. ಅಣ್ಣ ಹೋಮರನಿಗೆ 1933ರಲ್ಲಿ ಕಣ್ಣು ಹೋದವು. ತಮ್ಮ ದಿನಪತ್ರಿಕೆಗಳನ್ನು ಕೂಡಿಡತೊಡಗಿದ. ಯಾಕೆಂದರೆ, ಅಣ್ಣನಿಗೆ ಮತ್ತೆ ದೃಷ್ಟಿ ಬಂದಾಗ ಇಷ್ಟು ದಿನ ಲೋಕದಲ್ಲಿ ನಡೆದುದನ್ನೆಲ್ಲ ಅವನು ಓದಬೇಕಲ್ಲ! 1947ರ ಮಾರ್ಚ್‌ನಲ್ಲಿ ಪೊಲೀಸರು ಒಳಗೆ ಹೊಕ್ಕಾಗ ಹೋಮರ್ ಸತ್ತಿದ್ದ. ಲ್ಯಾಂಗ್ಲಿಗಾಗಿ ಊರೆಲ್ಲ ಹುಡುಕಿದರು. ಎರಡು ವಾರಗಳ ಮೇಲೆ ಅವನ ಶವ ಅದೇ ಮನೆಯಲ್ಲಿ, ಅಣ್ಣನಿಂದ ಕೆಲವೇ ಅಡಿ ದೂರದಲ್ಲಿ, ಕುಸಿದ ರಾಶಿಯ ಕೆಳಗೆ ಸಿಕ್ಕಿತು. ಅಣ್ಣನಿಗೆ ಊಟ ಒಯ್ಯುತ್ತಿದ್ದಾಗ, ಕಳ್ಳರಿಗೆಂದು ತಾನೇ ಹೂಡಿದ್ದ ಬಲೆ ಅವನ ಮೇಲೆಯೇ ಬಿದ್ದಿತ್ತು. ಆ ಮನೆಯಿಂದ 100 ಟನ್ನಿಗೂ ಮಿಕ್ಕಿದ ಸಾಮಾನು ಹೊರತೆಗೆದರು. ಪತ್ರಿಕೆಗಳಲ್ಲಿ ಈ ಕಥೆ ವಿಚಿತ್ರ ಮನುಷ್ಯರ ಕಥೆಯಾಗಿ ಬಂತು. ನನಗೆ ಅದರಲ್ಲಿ ಅಂಟಿಕೊಂಡದ್ದು ಆ ಪತ್ರಿಕೆಗಳ ಮಾತು. ಅಕ್ಕನ ಪಡಸಾಲೆಯಲ್ಲಿದ್ದವೂ 2003ರಿಂದ ಈಚಿನ ಪತ್ರಿಕೆಗಳೇ. ಭಾವನವರು ಬೆಳಿಗ್ಗೆ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಪತ್ರಿಕೆ ಓದುವುದು. ಅಕ್ಕ ಎಂದೂ ಅದನ್ನು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ.

ಬಲವಂತವಾಗಿ ಮನೆ ಬರಿದು ಮಾಡಬಾರದೆಂಬುದು ವೈದ್ಯರ ಮೊದಲ ಮಾತು. ನಾವು ಅದನ್ನು ಮಾಡಿ ಮುಗಿಸಿದ್ದೆವು! ಸಾಮಾನು ಹೋಗುತ್ತದೆ, ಕಾಯಿಲೆ ಉಳಿಯುತ್ತದೆ, ನಂಬಿಕೆ ಒಡೆಯುತ್ತದೆ ಎಂದರು. "ಸ್ವಚ್ಛತೆಯ ಮಾತೆತ್ತಬೇಡಿ, ಅಪಾಯದ ಮಾತೆತ್ತಿ. ಬಿದ್ದಾರು, ಬೆಂಕಿ ತಗುಲೀತು ಎಂಬ ಭಯ ಅವರಿಗೂ ಇರುತ್ತದೆ. ಅಲ್ಲಿಂದ ಪ್ರಾರಂಭಿಸಿ" ಎಂದರು.

ಪ್ರಾರಂಭ ತಾನಾಗಿಯೇ ಒದಗಿತು. 2015ರಲ್ಲಿ ಒಂದು ರಾತ್ರಿ ಪತ್ರಿಕೆಗಳ ರಾಶಿ ಜಾರಿ ಅಕ್ಕ ಬಿದ್ದಳು. ಮಣಿಕಟ್ಟಿನ ಎಲುಬು ಮುರಿಯಿತು. ಬೆಳಗಿನವರೆಗೆ ಯಾರನ್ನೂ ಕರೆಯಲಿಲ್ಲ. ಕರೆದರೆ ಒಳಗೆ ಬರುತ್ತಾರಲ್ಲ ಎಂಬ ಅಂಜಿಕೆ. ಆರು ವಾರ ನನ್ನ ಮನೆಯಲ್ಲಿದ್ದಳು. ಆಗ ನಾನು 2009ರ ತಪ್ಪಿಗೆ ಕ್ಷಮೆ ಕೇಳಿದೆ. ಚಿಕ್ಕವಳು ನಾನು, ಹಿರಿಯಳ ಕಾಲು ಮುಟ್ಟಿ ಕೇಳಿದೆ. ಆಮೇಲೆ ಆಕೆ ವೈದ್ಯರ ಹತ್ತಿರ ಬರಲು ಒಪ್ಪಿದಳು. ಈ ಕಾಯಿಲೆಯ ಜೊತೆಗೆ ಖಿನ್ನತೆ ಹಲವರಲ್ಲಿ ಇರುತ್ತದೆ. ಅಕ್ಕನಿಗೂ ಇತ್ತು, ಅದಕ್ಕೆ ಮಾತ್ರೆ ಕೊಟ್ಟರು. ಕೂಡಿಡುವುದಕ್ಕೆ ಮಾತ್ರೆಗಿಂತ ಅಭ್ಯಾಸದ ಚಿಕಿತ್ಸೆಯೇ ಹೆಚ್ಚು ಉಪಯುಕ್ತವೆಂದರು: ನಿರ್ಧಾರ ಮಾಡುವ ಅಭ್ಯಾಸ, ತೆಗೆದಾಗ ಏಳುವ ಸಂಕಟವನ್ನು ಸಹಿಸುವ ಅಭ್ಯಾಸ, ಹೊಸದನ್ನು ತರದಿರುವ ಅಭ್ಯಾಸ.

ನಮ್ಮದು ಹದಿನೈದು ದಿನಕ್ಕೊಮ್ಮೆ ಶನಿವಾರದ ಕೆಲಸವಾಯಿತು. ಬೆಳಗಿನ ಬಸ್ಸಿಗೆ ನಾನು ಹೋಗುವೆ. ಒಂದು ದಿನಕ್ಕೆ ಒಂದೇ ಪೆಟ್ಟಿಗೆ. ಅಕ್ಕನ ಅಪ್ಪಣೆಯಿಲ್ಲದೆ ನಾನು ಒಂದು ಕಾಗದವನ್ನೂ ಮುಟ್ಟುವುದಿಲ್ಲ. ಆಕೆಯೇ ಎತ್ತಬೇಕು, ಆಕೆಯೇ ಹೇಳಬೇಕು. ಮೊದಲ ದಿನ ಎರಡು ತಾಸಿನಲ್ಲಿ ಹೊರಗೆ ಹೋದದ್ದು ಹನ್ನೊಂದು ಹಾಲಿನ ಪಾಕೀಟುಗಳು! ಕೈ ನಡುಗುತ್ತಿತ್ತು, ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿತ್ತು. ಒಂದು ತಾಸಿನ ಮೇಲೆ "ಈಗ ಅಷ್ಟಿಲ್ಲ" ಎಂದಳು. ಸಂಕಟ ಏರಿದಂತೆ ಇಳಿಯುತ್ತದೆ ಎಂಬುದನ್ನು ಆಕೆ ತನ್ನಲ್ಲಿಯೇ ಕಂಡದ್ದು ಅಂದು ಮೊದಲು. ತೆಗೆದದ್ದು ಅಂದೇ ಮನೆ ಬಿಡಬೇಕೆಂದು ನಿಯಮ ಮಾಡಿಕೊಂಡೆವು. ಬಾಗಿಲ ಬದಿಗಿಟ್ಟರೆ ರಾತ್ರಿ ತಿರುಗಿ ಒಳಗೆ ಬರುತ್ತಿತ್ತು. ಎರಡು ಪತ್ರಿಕೆ ತರಿಸುತ್ತಿದ್ದಳು, ಒಂದಾಯಿತು.

ನಾನು ಶಾಂತಮೂರ್ತಿಯೇನಲ್ಲ. ಮೂರನೆಯ ವರ್ಷ ಒಂದು ಮುರಿದ ಕೊಡೆಯ ಸಲುವಾಗಿ ಮುಕ್ಕಾಲು ತಾಸು ಕಳೆದಾಗ ರೇಗಿ ಕೂಗಿಬಿಟ್ಟೆ. ಅಕ್ಕ ಕೊಡೆಯನ್ನು ಎದೆಗವಚಿಕೊಂಡು ಒಳಗೆ ಹೋದಳು. ಆಮೇಲೆ ಎರಡು ತಿಂಗಳು ಕೆಲಸ ನಿಂತಿತು. ಆ ಕೊಡೆ ಇನ್ನೂ ಇದೆ.

ಇಂಥ ಮನೆಯುಳ್ಳವರು ಹೆದರದೆ ಕೇಳಲು ನಮ್ಮಲ್ಲಿ ಸ್ಥಳಗಳಿವೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. 2022ರಲ್ಲಿ ಸರಕಾರವು ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭಿಸಿದೆ; 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನೊಂದು ಮಾತು: ಜೀವನವೆಲ್ಲ ಚೊಕ್ಕಟವಾಗಿದ್ದವರು ಇಳಿವಯಸ್ಸಿನಲ್ಲಿ ಹಠಾತ್ತನೆ ಕೂಡಿಡತೊಡಗಿದರೆ, ಅದು ಮರೆವಿನ ರೋಗವೋ ಮಿದುಳಿನ ಬೇರೆ ತೊಂದರೆಯೋ ಇರಬಹುದು. ಅವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಅಕ್ಕನ ಮನೆ ಚಿತ್ರದ ಮನೆಯಾಗಿಲ್ಲ. ಆ ಒಂದು ಕೋಣೆಯ ಬಾಗಿಲು ಇಂದಿಗೂ ಪೂರ್ತಿ ತೆರೆಯುವುದಿಲ್ಲ. ಆದರೆ ಒಲೆಯ ಸುತ್ತ ಕಾಗದವಿಲ್ಲ. ಮಂಚದ ಮೇಲೆ ಕಾಲು ಚಾಚಿ ಮಲಗುತ್ತಾಳೆ. ತಲೆಬಾಗಿಲಿನಿಂದ ಬಚ್ಚಲಿನವರೆಗೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಹಾದಿ ಇದೆ. ಕಳೆದ ಬಸವ ಜಯಂತಿಯಂದು ನಾವು ಐದು ಜನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತು ಉಂಡೆವು. ಸ್ವಲ್ಪ ಇಕ್ಕಟ್ಟಾಯಿತು. ಅಕ್ಕ ನಿಂತುಕೊಂಡೇ ಬಡಿಸಿದಳು, ಹಿಂದಿನಂತೆಯೇ ಬೇಡವೆಂದವರಿಗೆ ಎರಡು ಸಲ.

ಲಗ್ನಪತ್ರಿಕೆಗಳ ಕಟ್ಟು ಮಾತ್ರ ಇರಲಿ ಎಂದಿದ್ದಾಳೆ. ಇರಲಿ ಎಂದಿದ್ದೇನೆ. ಈ ಲೇಖನ ಅಚ್ಚಾಗಿ ಬಂದರೆ ಒಂದೇ ಪ್ರತಿ ಕಳುಹಿಸಬೇಕಂತೆ, ಎರಡು ಬೇಡವಂತೆ.